ಕರೆದರೆ ತಿರುಗದ ಕೂಸು



ಅಕ್ಕಲಕೋಟ ತಾಲೂಕಿನ ತಡವಳದಂಥ ಊರಿನಲ್ಲಿ ಮನೆಯ ಮಾತು ಕನ್ನಡ, ಸರಕಾರದ ಕಾಗದ ಮರಾಠಿ. ಕೂಸನ್ನು ತೊಟ್ಟಿಲಿಗೆ ಹಾಕಿ ತೂಗುವಾಗ ಅವ್ವನ ಬಾಯಿಂದ ಬರುವುದು ಕನ್ನಡದ ಜೋಗುಳ. ಅದೇ ಕೂಸಿನ ತೂಕವನ್ನೂ ಲಸಿಕೆಯ ತಾರೀಖನ್ನೂ ಬರೆದುಕೊಳ್ಳುವ ವಹಿ ಮರಾಠಿಯದು. ಇದನ್ನು ದೂರಾಗಿ ಹೇಳುತ್ತಿಲ್ಲ. ಗಡಿಯಲ್ಲಿ ಬಾಳುವವರಿಗೆ ಇದು ನಿತ್ಯದ ರೀತಿ, ಇದರಿಂದ ನಮಗೆ ಲಾಭವೂ ಉಂಟು. ಆದರೆ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ಕೆಲವು ಮಾತುಗಳು ದಾರಿಯಲ್ಲಿ ಉದುರಿಹೋಗುತ್ತವೆ. “ಕರದ್ರ ತಿರುಗಿ ನೋಡಂಗಿಲ್ರಿ” ಎಂದು ತಾಯಿಯೊಬ್ಬಳು ತನ್ನ ಒಂದೂವರೆ ವರ್ಷದ ಮಗುವಿನ ಬಗ್ಗೆ ಹೇಳುವ ಮಾತು ಅಂಥದು. ತೂಕಕ್ಕೆ ವಹಿಯಲ್ಲಿ ಒಂದು ಮನೆ ಇದೆ, ಲಸಿಕೆಗೆ ಒಂದು ಮನೆ ಇದೆ. ಈ ಮಾತಿಗೆ ಬಹುಕಾಲ ಯಾವ ಮನೆಯೂ ಇರಲಿಲ್ಲ.

ಅದಕ್ಕೊಂದು ಹೆಸರು ಈಗ ಇದೆ. ಇಂಗ್ಲಿಷಿನಲ್ಲಿ ಆಟಿಸಂ ಎನ್ನುತ್ತಾರೆ. ಕನ್ನಡದ ವೈದ್ಯಕೀಯ ಬರಹಗಳಲ್ಲಿ ಸ್ವಲೀನತೆ ಎಂದೂ, ಮರಾಠಿಯಲ್ಲಿ ಸ್ವಮಗ್ನತಾ ಎಂದೂ ಕರೆಯುತ್ತಾರೆ. ನಮ್ಮ ಭಾಗದವರು ಮೂರನ್ನೂ ತಿಳಿದಿರುವುದು ಒಳ್ಳೆಯದು. ಯಾವ ದವಾಖಾನೆಯಲ್ಲಿ ಯಾವ ಶಬ್ದ ಕಿವಿಗೆ ಬೀಳುತ್ತದೋ ಹೇಳಲಾಗದು. ಇದು ಮಿದುಳಿನ ಬೆಳವಣಿಗೆಯ ಒಂದು ಬೇರೆ ಬಗೆ. ಮಗು ಹುಟ್ಟುವ ಮುಂಚಿನಿಂದಲೇ ಇದರ ಬೇರುಗಳಿರುತ್ತವೆ. ಉಳಿದವರೊಡನೆ ಬೆರೆಯುವುದು, ಮಾತು ಮತ್ತು ಸನ್ನೆಯಿಂದ ಮನಸ್ಸನ್ನು ಹಂಚಿಕೊಳ್ಳುವುದು ಈ ಮಕ್ಕಳಿಗೆ ಕಷ್ಟ. ಮಾಡಿದ್ದನ್ನೇ ಮಾಡುವುದು, ಇದ್ದದ್ದು ಇದ್ದ ಹಾಗೆಯೇ ಇರಬೇಕೆನ್ನುವುದು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರು ಹೀಗಿದ್ದರು. ಅಂದ ಮೇಲೆ ಇದು ದೂರದ ದೇಶದ, ಸಿರಿವಂತರ ಮನೆಯ ಸಂಗತಿಯಲ್ಲ.

ಈ ಹೆಸರು ಜಗತ್ತಿಗೆ ಹೇಗೆ ಬಂತು, ನಮ್ಮ ಅಂಗನವಾಡಿಯ ಬಾಗಿಲಿಗೆ ಬರಲು ಅದಕ್ಕೆ ಎಷ್ಟು ವರ್ಷ ಹಿಡಿಯಿತು ಎಂಬುದನ್ನು ನಿಮ್ಮ ಮುಂದಿಡುವ ಆಸೆ ನನ್ನದು. ಈ ಇತಿಹಾಸದಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಲಕ್ಷಣಗಳನ್ನು ಮೊದಲು ಕಂಡವರು ಹೆಚ್ಚಾಗಿ ತಂದೆತಾಯಿಗಳೇ. ಅವರ ಮಾತನ್ನು ಎಲ್ಲಿ ಕೇಳಿಸಿಕೊಂಡರೋ ಅಲ್ಲಿ ವಿದ್ಯೆ ಮುಂದೆ ಹೋಯಿತು. ಎಲ್ಲಿ ಕೇಳಿಸಿಕೊಳ್ಳಲಿಲ್ಲವೋ ಅಲ್ಲಿ ದಶಕಗಳೇ ಹಾಳಾದವು.

ಮೊದಲು ನಮ್ಮ ಸೊನ್ನಲಿಗೆಯ ಕಥೆಯೊಂದನ್ನು ನೆನೆಯೋಣ. ಸೋಲಾಪುರದ ಹಳೆಯ ಹೆಸರು ಸೊನ್ನಲಿಗೆ, ಅಲ್ಲಿಯ ಆರಾಧ್ಯ ಪುರುಷ ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮ. ರಾಘವಾಂಕನು ಬರೆದ ಆತನ ಚರಿತೆಯಿಂದಲೂ ಜನರ ಬಾಯಿಂದಲೂ ನಮಗೆ ಬಂದ ಕಥೆಯಲ್ಲಿ ಬಾಲಕ ಸಿದ್ಧರಾಮ ಉಳಿದ ಮಕ್ಕಳಂತೆ ಆಡದೆ, ಮಾತಾಡದೆ ಇದ್ದನು. ಮುದ್ದುಗೌಡ, ಸುಗ್ಗಲೆಯರು ಮಗನನ್ನು ದನ ಕಾಯಲು ಕಳಿಸಿದರು. ಅಲ್ಲಿ ಮಲ್ಲಯ್ಯನು ಜಂಗಮ ರೂಪದಲ್ಲಿ ಬಂದನು. ಪುರಾಣದ ಮಹಾಪುರುಷರಲ್ಲಿ ಇಂದಿನ ರೋಗದ ಹೆಸರುಗಳನ್ನು ಹುಡುಕುವ ಚಟ ಈಚೆಗೆ ಹೆಚ್ಚಾಗಿದೆ, ಅದು ನನಗೆ ಸೇರದು. ನಾನು ಹೇಳಹೊರಟದ್ದು ಬೇರೆ. ತಡವಾಗಿ ಮಾತಾಡುವ ಮಗು ನಮ್ಮ ನಾಡಿಗೆ ಅಪರಿಚಿತವಲ್ಲ, ಅಂಥ ಮಗುವನ್ನು ಹೀಗಳೆಯದೆ ಕಾಯುವ ಸೈರಣೆಯೂ ನಮ್ಮಲ್ಲಿ ಇದೆ. ಅದು ದೊಡ್ಡ ಗುಣ. ಆದರೆ ಅದೇ ಗುಣ “ಏನಾಗಂಗಿಲ್ಲ ಬಿಡವಾ, ಗಂಡುಹುಡುಗ್ರು ತಡಾ ಮಾಡೇ ಮಾತಾಡ್ತಾವ, ಇವರಪ್ಪನೂ ನಾಕು ವರ್ಷಕ್ಕ ಬಾಯಿ ಬಿಟ್ಟಾಂವ” ಎಂಬ ಸಮಾಧಾನವಾಗಿ ಇಳಿದಾಗ, ಮಗುವಿನ ಅತಿ ಬೆಲೆಯುಳ್ಳ ಎರಡು ಮೂರು ವರ್ಷಗಳು ಕೈಜಾರುತ್ತವೆ. ಮಿದುಳು ಹಸಿ ಮಣ್ಣಿನಂತೆ ಇರುವುದು ಆ ವಯಸ್ಸಿನಲ್ಲೇ.

ಇನ್ನು ಹೆಸರಿನ ಕಥೆ. ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಯೂಜೆನ್ ಬ್ಲೂಲರ್ 1911ರ ಸುಮಾರಿಗೆ, ಗ್ರೀಕ್ ಭಾಷೆಯಲ್ಲಿ ‘ತಾನು’ ಎಂಬರ್ಥದ ಶಬ್ದದಿಂದ ಆಟಿಸಂ ಎಂಬ ಪದವನ್ನು ಕಟ್ಟಿದ. ಅವನು ಹೇಳಹೊರಟದ್ದು ಮಕ್ಕಳ ವಿಷಯವಲ್ಲ. ದೊಡ್ಡವರ ಬೇರೊಂದು ಮನೋರೋಗದಲ್ಲಿ ರೋಗಿ ತನ್ನೊಳಗೇ ಮುಳುಗಿರುವುದಕ್ಕೆ ಇಟ್ಟ ಹೆಸರದು. 1925ರಲ್ಲಿ ರಷ್ಯಾದ ವೈದ್ಯೆ ಗ್ರೂನ್ಯಾ ಸುಖರೇವಾ ಆರು ಗಂಡುಮಕ್ಕಳ ವಿವರ ಪ್ರಕಟಿಸಿದಳು. ಇಂದು ಓದಿದರೆ ಆ ಮಕ್ಕಳು ಯಾರೆಂದು ನಿಸ್ಸಂದೇಹವಾಗಿ ಗುರುತಿಸಬಹುದು. ಮರುವರ್ಷವೇ ಅದು ಜರ್ಮನ್ ಭಾಷೆಯಲ್ಲೂ ಬಂತು. ಆದರೂ ಇಂಗ್ಲಿಷ್ ಜಗತ್ತು ಅವಳನ್ನು ಓದಿದ್ದು 1990ರ ದಶಕದಲ್ಲಿ. ಹೆಂಗಸಿನ ಮಾತು, ಅದೂ ಬೇರೆ ಭಾಷೆಯದು, ಎಪ್ಪತ್ತು ವರ್ಷ ಕಾಯಬೇಕಾಯಿತು ನೋಡಿ.

ಮುಖ್ಯ ಘಟನೆ ನಡೆದದ್ದು ಅಮೆರಿಕೆಯಲ್ಲಿ. ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ 1933ರಲ್ಲಿ ಡೊನಾಲ್ಡ್ ಟ್ರಿಪ್ಲೆಟ್ ಎಂಬ ಹುಡುಗ ಹುಟ್ಟಿದ. ವರ್ಷ ತುಂಬುವುದರೊಳಗೆ ರಾಗ ಗುನುಗುತ್ತಿದ್ದ. ಎರಡು ಮೂರು ವರ್ಷಕ್ಕೆ ಚರ್ಚಿನ ಪ್ರಾರ್ಥನೆಗಳನ್ನು, ಪ್ರಶ್ನೋತ್ತರಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದ. ಆದರೆ ಅವ್ವ ಕರೆದರೆ ತಿರುಗುತ್ತಿರಲಿಲ್ಲ. ಅಪ್ಪ ಮನೆಗೆ ಬಂದರೂ ಹೋದರೂ ಅವನಿಗೆ ಒಂದೇ. ನೆಲದ ಮೇಲೆ ಪಾತ್ರೆಯ ಮುಚ್ಚಳ, ಬಟ್ಟಲುಗಳನ್ನು ಗರಗರ ತಿರುಗಿಸುವುದರಲ್ಲಿ ಅವನಿಗೆ ಸ್ವರ್ಗ. ತನ್ನನ್ನು ‘ನಾನು’ ಎನ್ನುವ ಬದಲು ‘ನೀನು’ ಎನ್ನುತ್ತಿದ್ದ. ವೈದ್ಯರ ಸಲಹೆಯಂತೆ 1937ರಲ್ಲಿ, ಇನ್ನೂ ನಾಲ್ಕು ತುಂಬದ ಆ ಹುಡುಗನನ್ನು ಒಂದು ಸಂಸ್ಥೆಗೆ ಸೇರಿಸಿದರು. ಆ ಕಾಲದ ಪದ್ಧತಿ ಅದು: ಮಗುವನ್ನು ಕೊಟ್ಟುಬಿಡಿ, ಮರೆತುಬಿಡಿ. ತಂದೆತಾಯಿಗಳಿಗೆ ಮನಸ್ಸು ತಡೆಯಲಿಲ್ಲ, ವರ್ಷದ ಸುಮಾರಿಗೆ ಮರಳಿ ಕರೆತಂದರು. ತಂದೆ ವಕೀಲ. ಮಗನ ನಡೆನುಡಿಯೆಲ್ಲವನ್ನೂ ಹೇಳಿ 33 ಪುಟಗಳ ಕಾಗದ ಬರೆಯಿಸಿ, ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್‌ಗೆ ಕಳಿಸಿದ. 1938ರ ಅಕ್ಟೋಬರಿನಲ್ಲಿ ಕ್ಯಾನರ್ ಹುಡುಗನನ್ನು ನೋಡಿದ.

ಆ 33 ಪುಟಗಳನ್ನು ನಾನು ಈ ಇತಿಹಾಸದ ಮೊದಲ ದಾಖಲೆ ಎನ್ನುತ್ತೇನೆ. ಕ್ಯಾನರ್ ದೊಡ್ಡ ವೈದ್ಯನೇ ಸರಿ. ಆದರೆ ಅವನ ದೊಡ್ಡತನ ಮೊದಲು ಕಂಡದ್ದು, ಒಬ್ಬ ತಂದೆಯ ಉದ್ದನೆಯ ಕಾಗದವನ್ನು ಬೇಸರವಿಲ್ಲದೆ ಓದಿ, ಅದರಲ್ಲಿದ್ದ ವಿವರಗಳನ್ನು ತೂಗಿ ನೋಡಿದ್ದರಲ್ಲಿ. 1943ರಲ್ಲಿ ಅವನು ಡೊನಾಲ್ಡ್‌ನನ್ನು ಮೊದಲನೆಯವನಾಗಿಟ್ಟು 11 ಮಕ್ಕಳ ವಿವರ ಪ್ರಕಟಿಸಿದ: ಎಂಟು ಗಂಡು, ಮೂರು ಹೆಣ್ಣು. ಅವರಲ್ಲಿ ಕೆಲವರನ್ನು ಕಿವುಡರೆಂದು ತಿಳಿಯಲಾಗಿತ್ತು, ಕೆಲವರನ್ನು ಮಂದಬುದ್ಧಿಯವರೆಂದು. ನಮ್ಮ ಕಡೆ ಇಂದಿಗೂ ಮೊದಲು ಬರುವ ಅನುಮಾನಗಳು ಇವೇ ಎರಡು.

ಡೊನಾಲ್ಡ್ ಮುಂದೇನಾದ ಎಂಬುದು ಹಳ್ಳಿಯ ಓದುಗರು ಕೇಳಬೇಕಾದ ಭಾಗ. 1942ರಲ್ಲಿ ಅವನನ್ನು ಸಮೀಪದ ಒಂದು ಹೊಲದ ಮನೆಯಲ್ಲಿ, ಒಕ್ಕಲುತನದ ಗಂಡಹೆಂಡಿರ ಬಳಿ ಬಿಟ್ಟರು. ಆ ದಂಪತಿಗಳು ಮನೋವಿಜ್ಞಾನ ಓದಿದವರಲ್ಲ. ಹುಡುಗನಿಗೆ ಅಳೆಯುವ ಹುಚ್ಚು ಎಂದು ಕಂಡರು, ಬಾವಿ ಎಷ್ಟು ಆಳ ಇದೆ ಅಳೆ ಎಂದರು. ಎಣಿಸುವ ಹುಚ್ಚು ಎಂದು ಕಂಡರು, ಗೋವಿನಜೋಳದ ಸಾಲು ಎಣಿಸುತ್ತ ನೇಗಿಲು ಹೊಡೆಯಲು ಹಚ್ಚಿದರು. ಹುಡುಗ ಸಾಲು ಎಣಿಸುತ್ತ ಹೊಲ ಉಳುವುದನ್ನು ಕಲಿತ, ಹಳ್ಳಿಯ ಸಾಲೆಗೂ ಹೋದ. ಮುಂದೆ ಕಾಲೇಜು ಓದಿದ, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದ, ಕಾರು ನಡೆಸಿದ, ಒಬ್ಬನೇ ದೇಶದೇಶ ಸುತ್ತಿದ. 2023ರ ಜೂನ್ ತಿಂಗಳಲ್ಲಿ, 89ನೆಯ ವಯಸ್ಸಿನಲ್ಲಿ, ಹುಟ್ಟಿದೂರಿನಲ್ಲೇ ತೀರಿಕೊಂಡ. 1971ರಲ್ಲಿ ಕ್ಯಾನರ್ ತನ್ನ ಆ 11 ಮಕ್ಕಳನ್ನು ಮತ್ತೆ ಹುಡುಕಿ ನೋಡಿದಾಗ, ದೊಡ್ಡ ಸಂಸ್ಥೆಗಳ ಗೋಡೆಯೊಳಗೆ ಉಳಿದವರು ಇದ್ದ ಬುದ್ಧಿಯನ್ನೂ ಕಳೆದುಕೊಂಡಂತೆ ಮಂಕಾಗಿದ್ದರು. ಎಲ್ಲರೂ ಡೊನಾಲ್ಡ್ ಆಗುತ್ತಾರೆಂದು ಹೇಳುವುದು ಸುಳ್ಳಾದೀತು. ಬಾಳಿನುದ್ದಕ್ಕೂ ಮಾತು ಬಾರದವರು, ನಿತ್ಯ ಆಸರೆ ಬೇಕಾದವರು ಬಹಳ ಮಂದಿ ಇದ್ದಾರೆ. ಆದರೂ ಊರು ಒಬ್ಬನನ್ನು ತನ್ನವನೆಂದುಕೊಂಡರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಅವನ ಬಾಳು ಸಾಕ್ಷಿ.

ಅದೇ ಕಾಲಕ್ಕೆ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ಎಂಬ ವೈದ್ಯ ಇಂಥದೇ, ಆದರೆ ಮಾತು ಚೆನ್ನಾಗಿ ಬಲ್ಲ ಮಕ್ಕಳ ಬಗ್ಗೆ 1944ರಲ್ಲಿ ಬರೆದ. ಮುಂದೆ ಅವನ ಹೆಸರು ಒಂದು ಲಕ್ಷಣಸಮೂಹಕ್ಕೇ ಬಂತು. ನಾಜಿಗಳು ಅಂಗವಿಕಲ ಮಕ್ಕಳನ್ನು ಕೊಲ್ಲುತ್ತಿದ್ದ ಆಸ್ಪತ್ರೆಗೆ ಕೆಲವು ಮಕ್ಕಳನ್ನು ಅವನೂ ಕಳಿಸಿದ್ದನೆಂದು 2018ರಲ್ಲಿ ಇತಿಹಾಸಕಾರ ಹೆರ್ವಿಗ್ ಚೆಕ್ ದಾಖಲೆಗಳಿಂದ ತೋರಿಸಿದ ಮೇಲೆ, ಆ ಹೆಸರನ್ನು ಹಿಡಿಯಲು ಬಹಳ ಜನ ಹಿಂಜರಿಯುತ್ತಾರೆ. ಅಷ್ಟು ಹೇಳಿ ಮುಂದೆ ಹೋಗೋಣ.

ಈಗ ಈ ಇತಿಹಾಸದ ಕತ್ತಲೆಯ ಭಾಗ. ತಂದೆತಾಯಿಗಳ ಕಾಗದದಿಂದ ಕಣ್ಣು ತೆರೆದ ಅದೇ ಕ್ಯಾನರ್, 1940ರ ದಶಕ ಮುಗಿಯುವ ಹೊತ್ತಿಗೆ, ಈ ಮಕ್ಕಳ ಪಾಲಕರು ಪ್ರೀತಿಯಿಲ್ಲದ ತಣ್ಣನೆಯ ಜನ ಎಂದು ಬರೆಯತೊಡಗಿದ. ಅದನ್ನು ಹಿಡಿದು ಬ್ರೂನೊ ಬೆಟಲ್‌ಹೈಮ್ ಎಂಬಾತ 1967ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದು, ತಾಯಿಯ ಪ್ರೀತಿ ಸಿಗದೆ ಮಗು ತನ್ನೊಳಗೆ ಕೋಟೆ ಕಟ್ಟಿಕೊಳ್ಳುತ್ತದೆ ಎಂದು ಸಾರಿದ. ಇಂಥ ತಾಯಂದಿರನ್ನು ಮಂಜುಗಡ್ಡೆಯ ಪೆಟ್ಟಿಗೆಗೆ, ಅಂದರೆ ಫ್ರಿಜ್ಜಿಗೆ ಹೋಲಿಸಿ ಮಾತಾಡುವುದು ರೂಢಿಯಾಯಿತು. ಎರಡು ದಶಕಗಳ ಕಾಲ, ತನ್ನ ಮಗುವನ್ನು ತಾನೇ ಹಾಳು ಮಾಡಿದೆನೆಂದು ಎಷ್ಟು ತಾಯಂದಿರು ಕಣ್ಣೀರು ಹಾಕಿದರೋ ಲೆಕ್ಕವಿಲ್ಲ.

ಅದನ್ನು ಕೆಡವಿದವರೂ ಪಾಲಕರೇ. ಅಮೆರಿಕೆಯ ನೌಕಾಪಡೆಯಲ್ಲಿ ಮನೋವಿಜ್ಞಾನಿಯಾಗಿದ್ದ ಬರ್ನಾರ್ಡ್ ರಿಮ್ಲೆಂಡ್‌ನ ಮಗನಿಗೇ ಆಟಿಸಂ ಇತ್ತು. ಅವನು ಸಿಕ್ಕ ಸಂಶೋಧನೆಯನ್ನೆಲ್ಲ ಓದಿ, ಇದು ತಾಯಿಯ ತಪ್ಪಲ್ಲ, ಮಿದುಳಿನ ಸಂಗತಿ ಎಂದು 1964ರಲ್ಲಿ ಪುಸ್ತಕ ಬರೆದ. ಮರುವರ್ಷ ಪಾಲಕರ ಸಂಘ ಕಟ್ಟಿದ. 1969ರಲ್ಲಿ ಆ ಸಂಘದ ಸಭೆಗೆ ಬಂದ ಕ್ಯಾನರ್, ಪಾಲಕರನ್ನು ದೋಷಮುಕ್ತರೆಂದು ಎದುರಿಗೇ ಹೇಳಿದ. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರ್ 21 ಜೋಡಿ ಅವಳಿಗಳನ್ನು ಪರೀಕ್ಷಿಸಿ, ಇದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದೆಂದು ತೋರಿಸಿದರು. ಲಂಡನ್ನಿನ ಲೋರ್ನಾ ವಿಂಗ್ ಕೂಡ ವೈದ್ಯೆ, ಕೂಡ ತಾಯಿ. ಆಕೆಯ ಮಗಳು ಸೂಸಿಗೆ ಆಟಿಸಂ ಇತ್ತು. ಜೂಡಿತ್ ಗೂಲ್ಡ್ ಜೊತೆ ಕ್ಯಾಂಬರ್‌ವೆಲ್ ಭಾಗದ ಮಕ್ಕಳನ್ನು ಪರೀಕ್ಷಿಸಿ 1979ರಲ್ಲಿ ಆಕೆ ಹೇಳಿದ್ದು ಇದು: ಆಟಿಸಂ ಇದೆ ಅಥವಾ ಇಲ್ಲ ಎಂದು ಗೆರೆ ಎಳೆಯಲು ಬಾರದು, ಕಾಮನಬಿಲ್ಲಿನ ಬಣ್ಣಗಳಂತೆ ಒಂದರಿಂದ ಇನ್ನೊಂದಕ್ಕೆ ಸರಿಯುವ ಹರವು ಅದು. 2013ರಲ್ಲಿ ಅಮೆರಿಕೆಯ ಮನೋವೈದ್ಯರ ಕೈಪಿಡಿ ಹಳೆಯ ಬೇರೆ ಬೇರೆ ಹೆಸರುಗಳನ್ನು ಬಿಟ್ಟು ಆಟಿಸಂ ಸ್ಪೆಕ್ಟ್ರಮ್ ಎಂಬ ಒಂದೇ ಹೆಸರನ್ನು ಇಟ್ಟುಕೊಂಡಿತು.

ತಾಯಿಯ ಮೇಲಿನ ಆರೋಪ ಅಲ್ಲಿಗೆ ಮುಗಿಯಿತೆ? ನಮ್ಮ ಓಣಿಗಳಲ್ಲಿ ಮುಗಿದಿಲ್ಲ. ಅದು ಬೇರೆ ಬೇರೆ ವೇಷದಲ್ಲಿ ಬರುತ್ತದೆ. “ಮೊಬೈಲ್ ಕೊಟ್ಟು ಕೂಡಿಸ್ಯಾಳ, ಅದಕ್ಕ ಹಿಂಗಾಗೇದ” ಎಂಬುದು ಈಗಿನ ವೇಷ. ಸಣ್ಣ ಮಕ್ಕಳ ಕೈಗೆ ತಾಸುಗಟ್ಟಲೆ ಮೊಬೈಲ್ ಕೊಡುವುದು ಕೆಟ್ಟದ್ದೇ, ಮಾತಿನ ಅಭ್ಯಾಸಕ್ಕೆ ಅದು ಅಡ್ಡಿಯೇ. ಆದರೆ ಮೊಬೈಲ್‌ನಿಂದ ಆಟಿಸಂ ಹುಟ್ಟುತ್ತದೆಂಬುದಕ್ಕೆ ಆಧಾರ ಸಿಕ್ಕಿಲ್ಲ. ಲಸಿಕೆಯ ಮಾತೂ ಹಾಗೆಯೇ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಇಂಗ್ಲೆಂಡಿನ ವೈದ್ಯ, ದಡಾರ ಮೊದಲಾದವುಗಳ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಲೇಖನ ಬರೆದ. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು, ಅವನ ವೈದ್ಯ ನೋಂದಣಿಯೂ ರದ್ದಾಯಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷ ಮಕ್ಕಳನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಯಾವ ನಂಟೂ ಕಾಣಲಿಲ್ಲ.

ಮೂರನೆಯ ಆರೋಪ ನಮ್ಮ ಗಡಿಗೇ ಸೇರಿದ್ದು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಪಕ್ಕದ ಮನೆಯಲ್ಲಿ ಉರ್ದು. ಮಗುವಿನ ತಲೆ ಗೊಂದಲವಾಗಿ ಮಾತು ನಿಂತಿದೆ, ಆದ್ದರಿಂದ ಮನೆಯಲ್ಲಿ ಕನ್ನಡ ಬಿಡಿ ಎಂಬ ಸಲಹೆ. ಇದನ್ನು ಸ್ವಲ್ಪ ನಿಂತು ವಿಚಾರಿಸಬೇಕು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಬರುವುದಿಲ್ಲ. ಆಟಿಸಂ ಇರುವ ಮಕ್ಕಳಿಗೂ ಎರಡು ಭಾಷೆಯ ಮನೆಯಿಂದ ಹೆಚ್ಚಿನ ಹಿಂದುಳಿಕೆ ಆಗುವುದಿಲ್ಲವೆಂದೇ ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ಜೊತೆಗೆ, ತನಗೆ ಚೆನ್ನಾಗಿ ಬಾರದ ಭಾಷೆಯಲ್ಲಿ ಮಗುವಿನೊಡನೆ ಮಾತಾಡಹೋದ ತಾಯಿ ಎಷ್ಟು ಮಾತಾಡಿಯಾಳು? ಮುದ್ದು, ಗದರಿಕೆ, ಗುಬ್ಬಿಯ ಕಥೆ, ಅಜ್ಜಿಯ ಒಗಟು ಎಲ್ಲವೂ ನಿಂತುಹೋಗಿ “ಬಸ್”, “ಉಠ್”, “ಖಾ” ಎಂಬ ಮೂರು ಶಬ್ದ ಉಳಿದಾವು. ಮಾತು ಕಲಿಯಲು ಕಷ್ಟಪಡುವ ಮಗುವಿನ ಎದುರು ಮಾತಿನ ಬಾಗಿಲನ್ನೇ ಮುಚ್ಚಿದ ಹಾಗೆ ಅದು.

ನಮ್ಮ ದೇಶದ ಕಥೆಗೆ ಬರೋಣ. ವೈದ್ಯಕೀಯ ಪ್ರಬಂಧಗಳಲ್ಲಿ ಈ ಶಬ್ದ ಭಾರತದಲ್ಲಿ ಕಾಣಿಸಿಕೊಂಡದ್ದು 1950ರ ದಶಕದ ಕೊನೆಗೆ. ಮೈಸೂರಿನಲ್ಲಿ 1960ರ ದಶಕದಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾದ ಮೇಲೆ, ಮಾತು ಬಾರದ ಮಗುವನ್ನು ಕನ್ನಡದಲ್ಲೇ ಪರೀಕ್ಷಿಸಿ, ಇದು ಕಿವಿಯ ದೋಷವೋ ಬೇರೆಯದೋ ಎಂದು ಬೇರ್ಪಡಿಸಬಲ್ಲ ಜಾಗ ಒಂದಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಬೆಳೆಯಿತು. ದೆಹಲಿಯಲ್ಲಿ 1991ರಲ್ಲಿ ಮೆರ್ರಿ ಬರುವಾ, ಅವರೂ ಒಬ್ಬ ತಾಯಿಯೇ, ಆ್ಯಕ್ಷನ್ ಫಾರ್ ಆಟಿಸಂ ಎಂಬ ಸಂಘಟನೆ ಆರಂಭಿಸಿದರು. ಮೈಸೂರಿನ ಆ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಪ್ರತಿಭಾ ಕಾರಂತ, ಆರು ವರ್ಷದೊಳಗಿನ ಮಕ್ಕಳಿಗಾಗಿಯೇ ಬೆಂಗಳೂರಿನಲ್ಲಿ ಕಾಮ್ ಡೀಲ್ ಎಂಬ ತರಬೇತಿಯನ್ನು 2000ದ ಸುಮಾರಿಗೆ ಕಟ್ಟಿದರು. ಬೇಗ ಗುರುತಿಸಬೇಕು, ಬೇಗ ಕಲಿಸಬೇಕು ಎಂಬುದು ಅದರ ತಿರುಳು.

ಕಾನೂನು ಮಾತ್ರ ಮಂದಗತಿ. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಏಳು ನ್ಯೂನತೆಗಳಿದ್ದವು, ಆಟಿಸಂ ಇರಲಿಲ್ಲ. ಅಂದರೆ ಆ ಕಾಯಿದೆಯ ಕಣ್ಣಿಗೆ ಈ ಮಕ್ಕಳು ಇರಲೇ ಇಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಹೆಸರು ಬಂತು. ಅದರಡಿಯ ‘ನಿರಾಮಯ’ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಚಿಕಿತ್ಸಾ ವೆಚ್ಚದ ಅನುಕೂಲವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ನ್ಯೂನತೆಗಳನ್ನು ಹೆಸರಿಸಿತು, ಅದರಲ್ಲಿ ಆಟಿಸಂ ಒಂದು. ಅಲ್ಲಿಂದ ಪ್ರಮಾಣಪತ್ರ, ಶಾಲೆಯ ರಿಯಾಯತಿ ಎಲ್ಲಕ್ಕೂ ಹಕ್ಕು ಹುಟ್ಟಿತು.

ತಡವಳದಂಥ ಊರಿನ ಬಾಗಿಲಿಗೆ ಈ ಹೆಸರು ಬಂದ ವರ್ಷ ಹೇಳು ಎಂದರೆ ನಾನು 2013 ಎನ್ನುತ್ತೇನೆ. ಅಂಗನವಾಡಿಗಳ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಗಿ ಊರೂರಿಗೆ ಹಬ್ಬಿತ್ತು. ಆದರೆ ಅದರ ಕಣ್ಣು ತೂಕದ ಮೇಲೆ, ಆಹಾರದ ಮೇಲೆ. 2013ರ ಫೆಬ್ರುವರಿಯಲ್ಲಿ ನಮ್ಮ ಮಹಾರಾಷ್ಟ್ರದ ಪಾಲಘರದಲ್ಲೇ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟರು. ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸಾಲೆಗೆ ಬಂದು ಮಕ್ಕಳನ್ನು ನೋಡಬೇಕು. 30 ಬಗೆಯ ತೊಂದರೆಗಳಲ್ಲಿ ಯಾವುದಾದರೂ ಕಂಡರೆ ಮುಂದಿನ ದವಾಖಾನೆಗೆ ಕಳಿಸಬೇಕು ಎಂಬುದು ಯೋಜನೆ. ಆ ಮೂವತ್ತರ ಪಟ್ಟಿಯಲ್ಲಿ ಆಟಿಸಂ ಇದೆ, ಮಾತಿನ ಹಿಂದುಳಿಕೆಯೂ ಇದೆ. ವಹಿಯಲ್ಲಿ ಕೊನೆಗೂ ಒಂದು ಮನೆ ಆಯಿತು.

ಆದರೆ ನಡೆಯುವುದು ಹೇಗೆ ನೋಡಿ. ತಂಡದವರಿಗೆ ಒಂದೇ ದಿನ ಬಹಳ ಮಕ್ಕಳನ್ನು ನೋಡುವುದಿರುತ್ತದೆ. ಪ್ರಶ್ನೆ ಮರಾಠಿಯಲ್ಲಿ ಬಂತು, ಅವ್ವನಿಗೆ ಅರ್ಧ ತಿಳಿಯಿತು, “ಹೋಯ್, ಹೋಯ್” ಎಂದಳು, ಮುಗಿಯಿತು. ನಮ್ಮಲ್ಲಿ ಅಂಗನವಾಡಿಯ ಕಾರ್ಯಕರ್ತೆಯನ್ನು ಮರಾಠಿಯ ರೂಢಿಯಂತೆ ‘ತಾಈ’ ಎನ್ನುತ್ತಾರೆ, ಅಂದರೆ ಅಕ್ಕ. ಕನ್ನಡದ ಕಿವಿಗೆ ಅದು ‘ತಾಯಿ’ ಎಂದೇ ಕೇಳುತ್ತದೆ. ನನಗೆ ಆ ತಪ್ಪು ಕೇಳಿಕೆ ಬಹಳ ಸೇರುತ್ತದೆ. ಎರಡೂ ಭಾಷೆ ಬಲ್ಲ ಇಂಥ ಒಬ್ಬ ಅಕ್ಕ ನಡುವೆ ನಿಂತು, ಅವ್ವನ ಮಾತನ್ನು ಡಾಕ್ಟರರಿಗೆ ಬಿಡಿಸಿ ಹೇಳಿದರೆ, ಆ ದಿನದ ತಪಾಸಣೆಯ ಬೆಲೆಯೇ ಬೇರೆಯಾಗುತ್ತದೆ.

ಹಾಗಾದರೆ ಏನನ್ನು ಹೇಳಬೇಕು? ಮನೆಯಲ್ಲಿ ಏನನ್ನು ನೋಡಬೇಕು? ಇದನ್ನು ಸಾವಕಾಶವಾಗಿ ಓದಿರಿ.

ವರ್ಷ ತುಂಬುವ ಹೊತ್ತಿಗೆ ಕೂಸು ತನ್ನ ಹೆಸರು ಕೇಳಿ ತಿರುಗಬೇಕು. ತಿರುಗದೆ ಇದ್ದರೆ ಕಿವುಡೇ ಎಂದು ಸಂಶಯ ಬರುತ್ತದೆ. ಆದರೆ ಅದೇ ಕೂಸು ಆಚೆಯ ಕೋಣೆಯಲ್ಲಿ ಬಿಸ್ಕೀಟಿನ ಕಾಗದ ಹರಿದ ಸಪ್ಪಳಕ್ಕೆ ಓಡಿಬರುತ್ತಿದ್ದರೆ, ಅದು ನೆನಪಿಡಬೇಕಾದ ಸಂಗತಿ. ಮುಖ ನೋಡಿ ನಗುವುದು, ನಾವು ನಕ್ಕರೆ ನಗುವುದು, “ಜೇಜೇ ಮಾಡು” ಎಂದರೆ ಕೈ ಮುಗಿಯುವುದು, ಹೊರಟವರಿಗೆ ಟಾಟಾ ಮಾಡುವುದು, ಬಟ್ಟೆಯ ಮರೆಯಲ್ಲಿ ಅಡಗಿ ‘ಬೂ’ ಎಂದರೆ ಕಿಲಕಿಲ ಎನ್ನುವುದು: ಇವು ಆಟವೆಂದು ತೋರಿದರೂ ಮಾತಿನ ಬುನಾದಿ ಇವೇ.

ಎಲ್ಲಕ್ಕಿಂತ ಹೆಚ್ಚಾಗಿ ಬೆರಳನ್ನು ನೋಡಿರಿ. ಒಂದೂವರೆ ವರ್ಷದ ಮಗು ಆಕಾಶದ ಚಂದಪ್ಪನನ್ನು, ಹಾದಿಯಲ್ಲಿ ಹೋಗುವ ಎತ್ತನ್ನು ಬೆರಳು ಮಾಡಿ ತೋರಿಸುತ್ತದೆ, ತೋರಿಸಿ ನಮ್ಮ ಮುಖ ನೋಡುತ್ತದೆ. ಅದಕ್ಕೆ ಎತ್ತು ಬೇಕಿಲ್ಲ. ನಾನು ಕಂಡದ್ದನ್ನು ನೀನೂ ಕಾಣು ಎಂಬ ಆಸೆ ಅದು. ಆಟಿಸಂ ಇರುವ ಮಕ್ಕಳಲ್ಲಿ ಈ ಬೆರಳು ಬಹಳ ತಡವಾಗಿ ಬರುತ್ತದೆ, ಅಥವಾ ಬರುವುದಿಲ್ಲ. ನೀರು ಬೇಕಾದರೆ ಅವ್ವನ ಮುಖ ನೋಡದೆ, ಅವಳ ಕೈ ಹಿಡಿದು ಎಳೆದೊಯ್ದು ಕೊಡದ ಮೇಲೆ ಇಡುತ್ತವೆ. ಅವಳ ಕೈ ಒಂದು ಸಾಮಾನು ಎಂಬಂತೆ.

ಮಾತಿನ ಲೆಕ್ಕ ಹೀಗೆ: ವರ್ಷಕ್ಕೆ ‘ಬಬಬ’, ‘ತತತ’ ಎಂಬ ತೊದಲು, 16 ತಿಂಗಳ ಹೊತ್ತಿಗೆ ಒಂದೆರಡು ಶಬ್ದ, ಎರಡು ವರ್ಷಕ್ಕೆ “ಅವ್ವ ಬಾ”, “ಹಾಲ ಬೇಕ” ಎಂಬಂಥ ಎರಡು ಶಬ್ದದ ಮಾತು. ಇವು ಬಾರದಿದ್ದರೆ ತೋರಿಸಬೇಕು. ಬಂದ ಮಾತು, ಬಂದ ನಗು ಯಾವ ವಯಸ್ಸಿನಲ್ಲೇ ಆಗಲಿ ಹೋಗಿಬಿಟ್ಟರೆ ಒಂದು ವಾರವೂ ಕಾಯಬಾರದು. ಕೆಲವು ಮಕ್ಕಳು ಮಾತಾಡುತ್ತಾರೆ, ಆದರೆ ಕೇಳಿದ್ದನ್ನೇ ತಿರುಗಿ ನುಡಿಯುತ್ತಾರೆ. “ನಿನಗ ನೀರ ಬೇಕೇನು?” ಎಂದರೆ “ನಿನಗ ನೀರ ಬೇಕೇನು” ಎನ್ನುತ್ತಾರೆ; ಮುಂದೆ ತಮಗೆ ನೀರಡಿಕೆಯಾದಾಗಲೂ ಅದನ್ನೇ ಅನ್ನುತ್ತಾರೆ. ಡೊನಾಲ್ಡ್ ಮಾಡುತ್ತಿದ್ದದ್ದು ಇದನ್ನೇ. ಟಿವಿಯ ಜಾಹೀರಾತು ಪೂರ್ತಿ ಒಪ್ಪಿಸುವ ಮಗು ಜಾಣ ಎಂದು ಮನೆಯವರು ಹಿಗ್ಗುತ್ತಾರೆ; ಹಸಿವೆಯಾದಾಗ ಹಸಿವೆ ಎಂದು ಹೇಳುತ್ತದೆಯೇ ಎಂಬುದನ್ನೂ ನೋಡಬೇಕು.

ಇನ್ನುಳಿದವು ನಡವಳಿಕೆಗೆ ಸೇರಿದವು. ಆಟದ ಗಾಡಿಯನ್ನು ಓಡಿಸದೆ, ಬೋರಲು ಹಾಕಿ ಗಾಲಿಯನ್ನೇ ತಿರುಗಿಸುತ್ತ ತಾಸುಗಟ್ಟಲೆ ಕೂಡುವುದು. ತಿರುಗುವ ಫ್ಯಾನನ್ನು ನೆಟ್ಟ ಕಣ್ಣಿಂದ ನೋಡುವುದು. ಶೇಂಗಾ ಕಾಳು, ಚಪ್ಪಲಿ, ಬಟ್ಟಲು ಸಿಕ್ಕದ್ದನ್ನೆಲ್ಲ ಸಾಲಾಗಿ ಜೋಡಿಸಿ, ಒಂದು ಸರಿದರೂ ಕಿರುಚುವುದು. ತುದಿಗಾಲಲ್ಲಿ ನಡೆಯುವುದು, ಖುಷಿಯಾದಾಗ ಹಕ್ಕಿಯಂತೆ ಕೈ ಬಡಿಯುವುದು. ನಿತ್ಯದ ದಾರಿ ಬಿಟ್ಟು ಬೇರೆ ದಾರಿಯಿಂದ ಹೋದರೆ ನೆಲಕ್ಕೆ ಬಿದ್ದು ಹೊರಳಾಡುವುದು. ಕುಕ್ಕರಿನ ಸೀಟಿ, ಲಗ್ನದ ಬ್ಯಾಂಡು, ಗಡ್ಡಾ ಜಾತ್ರೆಯ ಗದ್ದಲಕ್ಕೆ ಎರಡೂ ಕಿವಿ ಮುಚ್ಚಿಕೊಂಡು ನಡುಗುವುದು. ಕಡಕ್ ಭಕ್ಕರಿ ಬಿಟ್ಟು ಬೇರೇನೂ ಮುಟ್ಟದಿರುವುದು. ಇವುಗಳಲ್ಲಿ ಒಂದೆರಡು ಎಲ್ಲ ಮಕ್ಕಳಲ್ಲೂ ಇರುತ್ತವೆ, ಅಷ್ಟಕ್ಕೆ ಗಾಬರಿಯಾಗಬೇಡಿ. ಬೆರೆಯದಿರುವುದು, ಮಾತು ಸನ್ನೆಗಳ ಕೊರತೆ, ಈ ನಡವಳಿಕೆಗಳು ಮೂರೂ ಕೂಡಿದಾಗ ಪರೀಕ್ಷೆ ಬೇಕು.

ಹೆಣ್ಣುಮಕ್ಕಳ ಬಗ್ಗೆ ಬೇರೆಯಾಗಿ ಹೇಳಬೇಕು. ಆಟಿಸಂ ಗಂಡುಮಕ್ಕಳಲ್ಲಿ ಹೆಚ್ಚು ಕಾಣುತ್ತದೆ, ನಿಜ. ಆದರೆ ಹೆಣ್ಣುಮಗು ಒಂದು ಮೂಲೆಯಲ್ಲಿ ಮಾತಿಲ್ಲದೆ ಕೂತರೆ “ಭಾಳ ಶಾಂತ ಐತಿ ಹುಡುಗಿ” ಎಂದು ಹೊಗಳುವ ನಾಡು ನಮ್ಮದು. ಹೆಣ್ಣುಮಕ್ಕಳು ಗುರುತಾಗದೆ ಉಳಿಯುವುದು ಜಗತ್ತಿನಾದ್ಯಂತ ಇರುವ ಕೊರತೆ. ಹೊಗಳಿಕೆ ಅದಕ್ಕೆ ಇನ್ನೊಂದು ಪರದೆ.

ಸಂಶಯ ಬಂದಾಗ ಮೊದಲು ಕಿವಿಯ ಪರೀಕ್ಷೆ ಆಗಲಿ. ಸಣ್ಣ ಕೂಸು ನಿದ್ದೆಯಲ್ಲಿರುವಾಗಲೇ ತಂತಿ ಹಚ್ಚಿ ಕೇಳುವಿಕೆಯನ್ನು ಅಳೆಯುವ ಬೇರಾ ಎಂಬ ಪರೀಕ್ಷೆ ಇದೆ, ನೋವಿಲ್ಲ. ಆಮೇಲೆ ಮಕ್ಕಳ ತಜ್ಞರು, ಮನೋವೈದ್ಯರು. ರಕ್ತ ತೆಗೆದು, ಫೋಟೋ ತೆಗೆದು ಆಟಿಸಂ ಕಂಡುಹಿಡಿಯಲು ಬಾರದು. ಮಗುವನ್ನು ನೋಡಿ, ಮನೆಯವರನ್ನು ಕೇಳಿಯೇ ನಿರ್ಣಯ. ಪೂರ್ತಿ ಗುಣಪಡಿಸುತ್ತೇವೆಂದು ಸೂಜಿಮದ್ದಿನ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುವವರು ಸಿಕ್ಕಾರು. ಕಾಂಡಕೋಶದ ಚಿಕಿತ್ಸೆಯನ್ನು ಆಟಿಸಂಗೆ ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲೇ ಹೇಳಿದೆ. ಹೊಲ ಮಾರಬೇಡಿ. ನಿಜವಾಗಿ ಉಪಯೋಗಕ್ಕೆ ಬರುವುದು ಮಾತಿನ ತರಬೇತಿ, ನಡವಳಿಕೆಯ ತರಬೇತಿ, ಮತ್ತು ದಿನವಿಡೀ ಮಗುವಿನೊಡನೆ ನೆಲಕ್ಕೆ ಕೂತು ಆಡುವ ಮನೆಯವರು. ನಿರ್ಣಯವಾಗುವವರೆಗೆ ಕಾಯದೆ ಇದನ್ನು ಇಂದೇ ಆರಂಭಿಸಬಹುದು, ಕನ್ನಡದಲ್ಲೇ.

ತಪಾಸಣೆಯ ತಂಡ ಬರುವ ದಿನವನ್ನು ಅಂಗನವಾಡಿಯ ತಾಈಯಿಂದ ಮೊದಲೇ ಕೇಳಿ ಇಟ್ಟುಕೊಳ್ಳಿ. ಮಗು ಯಾವ ತಿಂಗಳಲ್ಲಿ ಕೂತಿತು, ಯಾವಾಗ ನಡೆಯಿತು, ಮೊದಲ ಶಬ್ದ ಯಾವುದು, ಅದು ಉಳಿದಿದೆಯೇ, ಬೆರಳು ಮಾಡಿ ತೋರಿಸುತ್ತದೆಯೇ, ಕರೆದರೆ ಹತ್ತರಲ್ಲಿ ಎಷ್ಟು ಸಲ ತಿರುಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿರಿ. ನಿಮಗೆ ಬರೆಯಲು ಬಾರದಿದ್ದರೆ ಸಾಲೆಗೆ ಹೋಗುವ ಹುಡುಗಿಯೊಬ್ಬಳು ಬರೆದುಕೊಟ್ಟಾಳು. ಕಾಗದ ಕನ್ನಡದಲ್ಲಿದ್ದರೂ ನಡೆಯುತ್ತದೆ. ತಾಈ ಓದಿ ಹೇಳುತ್ತಾಳೆ. ಮಗುವಿನ ಚಾಳಿಯನ್ನು ಹಿಂದಿನ ದಿನ ಮೊಬೈಲಿನಲ್ಲಿ ಎರಡು ನಿಮಿಷ ಚಿತ್ರೀಕರಿಸಿಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಹೊಸಬರ ಮುಂದೆ ಕೂಸು ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತದೆ, ಡಾಕ್ಟರರಿಗೆ ಕಾಣುವುದು ಅದರ ಬೆನ್ನು ಮಾತ್ರ. ಮುಂದೆ ಕಳಿಸುವ ಚೀಟಿಯನ್ನು ಕೇಳಿ ಪಡೆಯಿರಿ. ಅಕ್ಕಲಕೋಟದ ಗ್ರಾಮೀಣ ರುಗ್ಣಾಲಯ, ಅಲ್ಲಿಂದ ಸೋಲಾಪುರದ ಸಿವಿಲ್ ದವಾಖಾನೆ. 1963ರಲ್ಲಿ ಆರಂಭವಾದ ವೈಶಂಪಾಯನ ಸರಕಾರಿ ವೈದ್ಯಕೀಯ ಕಾಲೇಜಿನ ಮಕ್ಕಳ ವಿಭಾಗವೂ ಅಲ್ಲೇ. ಹೋಗುವಾಗ ಆ ಹಾಳೆ, ಲಸಿಕೆಯ ಕಾರ್ಡು, ಮಗುವಿನ ಆಧಾರ್ ಜೊತೆಗಿರಲಿ, ಮತ್ತು ಮರಾಠಿ ಚೆನ್ನಾಗಿ ಬಲ್ಲ ಒಬ್ಬರು.